ಹಟ್ಟಿ ಕಾದವರು ಯಾರು?

ಜಕ್ಕಪ್ಪನ ನೆನಪಿನ ಶಕ್ತಿಯ ವಿಷಯದಲ್ಲಿ ಊರಿನಲ್ಲಿ ಎರಡು ಅಭಿಪ್ರಾಯ ಇರಲಿಲ್ಲ. ಅಂಥದ್ದೊಂದು ಶಕ್ತಿ ಅವನಲ್ಲಿಲ್ಲ ಎಂಬುದನ್ನು ಅವನಿಗೆ ಆಗದವರೂ ಒಪ್ಪುತ್ತಿದ್ದರು, ಕಟ್ಟಿಕೊಂಡ ಹೆಂಡತಿ ಸಾತವ್ವನೂ ಒಪ್ಪುತ್ತಿದ್ದಳು. ಜಮಖಂಡಿ ಸಂತೆಯಲ್ಲಿ ಟಗರು ಮಾರಿ, ನಿಶ್ಚಿಂತೆಯಿಂದ ಚಹಾ ಕುಡಿದು, ಆಮೇಲೆ ನನ್ನ ಟಗರು ಕಳುವಾಗಿದೆಯೆಂದು ಸಂತೆಯನ್ನೆಲ್ಲ ಹುಡುಕಿಸಿದ ಕೀರ್ತಿ ಅವನದು. ತನ್ನ ಮೊಬೈಲ್ ನಂಬರ್ ಯಾರಾದರೂ ಕೇಳಿದರೆ ಮಗಳಿಗೆ ಫೋನ್ ಹಚ್ಚಿ ವಿಚಾರಿಸಿ ಹೇಳುತ್ತಿದ್ದ.

ಆದರೆ ಹೆಗಲಿಗೆ ಡೊಳ್ಳು ಏರಿತೆಂದರೆ ಅದೇ ಜಕ್ಕಪ್ಪ ಬೇರೆ ಮನುಷ್ಯ. ಚಿಕ್ಕಪಡಸಲಗಿ ಬ್ಯಾರೇಜಿನ ಆಚೆ ಈಚೆ, ಬೀರೇಶ್ವರನ ಗುಡಿಯಿರುವ ಊರುಗಳಲ್ಲೆಲ್ಲ ಅವನ ಮೇಳ ಹಾಡಿತ್ತು. ಡೊಳ್ಳಿನ ಹಾಡಿಕೆಯೆಂದರೆ ಬರೀ ಹಾಡುವುದಲ್ಲ. ಎರಡು ಮೇಳ ಎದುರುಬದುರು ನಿಲ್ಲುತ್ತವೆ. ಒಂದು ಮೇಳ ಸವಾಲು ಹಾಕುತ್ತದೆ: ಕೂಸು ಬೀರಪ್ಪನ ತೊಟ್ಟಿಲನ್ನು ಅಡವಿಯಲ್ಲಿ ತೂಗಿದವರು ಯಾರು, ಹಾಲು ಕುಡಿಸಿದವರು ಯಾರು. ಇನ್ನೊಂದು ಮೇಳ ಹಾಡಿನಲ್ಲೇ ಜವಾಬು ಕೊಡಬೇಕು, ಕೊಟ್ಟು ಸುಮ್ಮನೆ ಕೂಡದೆ ತಾನೂ ಒಂದು ಸವಾಲು ತಿರುಗಿ ಹಾಕಬೇಕು. ಕೊನೆಯ ಸವಾಲಿಗೆ ಎದುರಿನವರಿಂದ ಜವಾಬು ಬಂತೋ, ಹಾಕಿದವನು ಸೋತ. ಬರಲಿಲ್ಲವೋ, ಗೆದ್ದ. ಡೊಳ್ಳಿನ ಗತ್ತಿಗೆ, ಅದರ ತಾಳದ ಪೆಟ್ಟಿಗೆ, ಕೂತ ಮಾತು ಜಕ್ಕಪ್ಪನ ತಲೆಯಿಂದ ಒಂದೂ ಜಾರಿದ್ದಿಲ್ಲ. ದೇವರು ಅವನಿಗೆ ನೆನಪನ್ನು ತಲೆಯಲ್ಲಿಡದೆ ತೋಳಿನಲ್ಲಿಟ್ಟಿದ್ದಾನೆ ಎಂದು ಸಾತವ್ವ ಹೇಳುತ್ತಿದ್ದಳು.

ಇಂಥ ಜಕ್ಕಪ್ಪನ ಒಬ್ಬಳೇ ಮಗಳು ಪೂನಮ್ ಜಮಖಂಡಿಯ ಒಂದು ಆಸ್ಪತ್ರೆಯಲ್ಲಿ ನರ್ಸು. ಅದೇ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಸ್ಟೀಫನ್ ಎಂಬ ಹುಡುಗನನ್ನು ಅವಳು ಮೆಚ್ಚಿದಳು. ಮದುವೆಯಾದರೆ ಅವನನ್ನೇ, ಇಲ್ಲದಿದ್ದರೆ ಯಾರೂ ಬೇಡ ಎಂದು ಮನೆಯಲ್ಲಿ ಹೇಳಿಯೂ ಬಿಟ್ಟಳು. ಸಾತವ್ವ ಒಂದು ಹಗಲು ಅತ್ತಳು. ಸಂಜೆ ಕಣ್ಣೊರೆಸಿಕೊಂಡು ಹುಡುಗ ಕುಡಿಯುತ್ತಾನೇನು ಎಂದು ಕೇಳಿದಳು. ಇಲ್ಲವೆಂದು ತಿಳಿದ ಮೇಲೆ ರೊಟ್ಟಿ ಬಡಿಯಲು ಎದ್ದಳು. ಜಕ್ಕಪ್ಪ ಕಡುವಾಗಿ ವಿರೋಧಿಸಬೇಕೆಂದು ಬೆಳಿಗ್ಗೆ ನಿಶ್ಚಯಿಸಿದ್ದ, ಮಧ್ಯಾಹ್ನದ ಹೊತ್ತಿಗೆ ಮರೆತುಬಿಟ್ಟ.

ಮರೆಯದೆ ವಿರೋಧಿಸಿದವನು ಶಿವಪುತ್ರ. ಇವನು ಸಾತವ್ವನ ಬೆನ್ನಿಗೆ ಬಿದ್ದ ತಮ್ಮ, ಲೋಕಾಪುರದಲ್ಲಿ ಲಾರಿ ಇಟ್ಟವನು, ಪೂನಮ್‌ಗೆ ಸೋದರಮಾವ. ಸೋದರಮಾವ ಕೈಹಿಡಿದು ಕರೆತಾರದ ಮದುಮಗಳು ಆ ಕಡೆಯ ಮಂಟಪದಲ್ಲಿ ಇದುವರೆಗೆ ನಿಂತದ್ದಿಲ್ಲ. ಕುಲ ಬೇರೆ, ದೇವರು ಬೇರೆ, ನಾನು ಕೈ ಮುಟ್ಟುವುದಿಲ್ಲ ಎಂದು ಅವನು ಕೂತ. ಕಡೆಗೆ ಅಕ್ಕನ ಕಾಟ ತಾಳದೆ, ಬರೀ ನೋಡಿ ಬರುತ್ತೇನೆ ಎಂಬ ಕರಾರಿನ ಮೇಲೆ ಹುಡುಗನ ಮನೆಗೆ ಜೊತೆಗೆ ಹೊರಟ.

ಹುಡುಗನ ಮನೆ ರಬಕವಿಯಲ್ಲಿ. ತಂದೆ ಪರಸಪ್ಪ ಎರಡು ಪವರ್‌ಲೂಮ್ ಇಟ್ಟುಕೊಂಡು ಸೀರೆ ನೇಯುವವನು, ಭಾನುವಾರ ಅಲ್ಲಿಯ ಸಣ್ಣ ಚರ್ಚಿನಲ್ಲಿ ಮಕ್ಕಳಿಗೆ ಧರ್ಮಪಾಠ ಹೇಳುವ ಉಪದೇಶಿ. ಅಜ್ಜನ ಕಾಲಕ್ಕೇ ಕ್ರೈಸ್ತರಾದ ಮನೆ. ದೇವರು ಬದಲಾಗಿದ್ದರೂ ಹೆಸರು, ಮಾತು, ಶೇಂಗಾ ಚಟ್ನಿ ಯಾವುದೂ ಬದಲಾಗಿರಲಿಲ್ಲ. ಬೀಗರಾಗುವವರು ಬಂದರೆಂದು ಪರಸಪ್ಪ ಮಗ್ಗ ನಿಲ್ಲಿಸಿ, ಚುರಮುರಿ ಚಹಾ ಇಡಿಸಿ, ವಿನಯದಿಂದ ಕೂತ. ಮಾತು ಮುಂದೆ ಸಾಗದಿದ್ದಾಗ ಜಕ್ಕಪ್ಪ ಕಿಟಕಿಯಲ್ಲಿದ್ದ ಒಂದು ಸಣ್ಣ ಪುಸ್ತಕ ಎತ್ತಿಕೊಂಡ. ತೆರೆದು ನೋಡಿದರೆ ಒಳಗೆಲ್ಲ ಪ್ರಶ್ನೆ, ಉತ್ತರ, ಪ್ರಶ್ನೆ, ಉತ್ತರ. ಜಕ್ಕಪ್ಪನ ಬೆನ್ನು ತಾನಾಗಿ ನೆಟ್ಟಗಾಯಿತು.

ಇದನ್ನು ಕೇಳುವವರು ಯಾರು ಎಂದು ವಿಚಾರಿಸಿದ. ಫಾದರ್ ಕೇಳುತ್ತಾರೆ ಎಂದ ಪರಸಪ್ಪ. ಜವಾಬು ಕೊಡುವವರು ಯಾರು ಎಂದ. ನಮ್ಮವರು ಕೊಡುತ್ತಾರೆ, ಬರುವ ತಿಂಗಳ ಮೊದಲ ಭಾನುವಾರ ಚರ್ಚಿನಲ್ಲಿ ಎಲ್ಲರೆದುರಿಗೇ ಕೇಳುವುದಿದೆ, ನೀವೂ ಎಲ್ಲರನ್ನೂ ಕರೆದುಕೊಂಡು ಬನ್ನಿ ಎಂದು ಪರಸಪ್ಪ ಪ್ರೀತಿಯಿಂದಲೇ ಕರೆದ. ಅಂದು ಕೇಳುವುದು ಮೊದಲ ಬಾರಿಗೆ ಪರಮಪ್ರಸಾದ ತೆಗೆದುಕೊಳ್ಳುವ ಏಳೆಂಟು ವರ್ಷದ ಮಕ್ಕಳನ್ನು. ಅದು ಪರಸಪ್ಪನಿಗೆ ಎಷ್ಟು ಗೊತ್ತಿದ್ದ ಸಂಗತಿಯೆಂದರೆ ಬಾಯಿಬಿಟ್ಟು ಹೇಳಬೇಕೆಂದೇ ಅನ್ನಿಸಲಿಲ್ಲ. ಜಕ್ಕಪ್ಪನ ಅನುಭವದಲ್ಲಿ ಒಂದು ಊರಿನವರು ಇನ್ನೊಂದು ಊರಿನವರನ್ನು ಕರೆದು, ಸವಾಲು-ಜವಾಬಿನ ದಿನ ಗೊತ್ತುಮಾಡಿ, ಎಲ್ಲರೊಡನೆ ಬಾ ಎಂದರೆ ಅದಕ್ಕೆ ಒಂದೇ ಅರ್ಥ ಇತ್ತು. ಗಂಡಿನ ಕಡೆಯವರು ಹೆಣ್ಣಿನ ಕಡೆಯವರಿಗೆ ಪಂಥ ಕಟ್ಟಿದ್ದಾರೆ.

"ಈ ಪುಸ್ತಕ ನಾ ಪೂರಾ ಬಾಯಿಪಾಠ ಮಾಡಿಕೊಂಡ ಬರ್ತೇನ್ರಿ," ಎಂದ ಜಕ್ಕಪ್ಪ.

ಪರಸಪ್ಪ ಸಂತೋಷದಿಂದ ನಕ್ಕು, ನನಗೇ ಮೂರು ವರ್ಷ ಹಿಡಿದಿತ್ತು ಎಂದ. ಆ ನಗು ಜಕ್ಕಪ್ಪನಿಗೆ ನಾಟಿತು. ಅದಕ್ಕಿಂತ ಹೆಚ್ಚು ನಾಟಿದ್ದು ಮಗ್ಗುಲಲ್ಲಿ ಕೂತ ಶಿವಪುತ್ರನ ನಗು. ಬನಹಟ್ಟಿ ಬಸ್‌ಸ್ಟ್ಯಾಂಡಿಗೆ ಬರುವವರೆಗೂ ಶಿವಪುತ್ರ ನಗುತ್ತಲೇ ಇದ್ದ. ಬಸ್ ಬರುವುದು ತಡವಾಯಿತು. ಬಸ್ ಬೇಗ ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ಮಾಂವಾ, ನಿನಗ ನಿನ್ನ ಫೋನ್ ನಂಬರ ಬರೂದಿಲ್ಲ. ಪುಸ್ತಕ ಬಾಯಿಪಾಠ ಮಾಡ್ತಿಯೇನು?" ಎಂದು ಶಿವಪುತ್ರ ಅಕ್ಕನ ಗಂಡನನ್ನು ಕೆಣಕಿದ.

"ಮಾಡ್ತೇನಿ. ಅಲ್ಲಿ ನಾ ಸೋತ್ರ ಈ ಸೋಯರಿಕಿ ಮುರೀತೇನಿ. ಗೆದ್ರ ನೀನ ಮುಂದ ನಿಂತು, ಹೆಗಲಿಗೆ ಡೊಳ್ಳು ಹಾಕ್ಕೊಂಡು, ಮದಿವಿ ಮಾಡಿಕೊಡಬೇಕು. ಆತೇನು?"

ಶಿವಪುತ್ರ ಇಂಥ ಭಾಗ್ಯವನ್ನು ಕನಸಿನಲ್ಲೂ ಎಣಿಸಿರಲಿಲ್ಲ. ಅಲ್ಲೇ ಜಕ್ಕಪ್ಪನ ಸೊಂಟದ ಚೀಲದಿಂದ ಬೀರಪ್ಪನ ಭಂಡಾರ ತೆಗೆಸಿ, ಅರಿಸಿನದ ಆ ಪುಡಿಯನ್ನು ಇಬ್ಬರೂ ಮುಟ್ಟಿ ಆಣೆ ಮಾಡುವಂತೆ ಮಾಡಿದ. ಭಂಡಾರ ಮುಟ್ಟಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡವರು ಅವರ ಕುಲದಲ್ಲಿ ಯಾರೂ ಇರಲಿಲ್ಲ.

ಸುದ್ದಿ ಪೂನಮ್‌ಗೆ ತಲುಪಿದಾಗ ಅವಳು ಒಬ್ಬ ಮುದುಕನಿಗೆ ಸಲೈನ್ ಹಚ್ಚುತ್ತಿದ್ದಳು. ಅದನ್ನು ಮುಗಿಸಿ, ಹೊರಗೆ ಬಂದು, ತಂದೆಗೆ ಫೋನ್ ಮಾಡಿದಳು.

"ಅಪ್ಪಾ, ನನ್ನ ಮದಿವಿ ಬ್ಯಾರೆ ಯಾವುದರ ಮ್ಯಾಲಾದ್ರೂ ಇಡಬೇಕಿತ್ತು. ಹೋಗಿ ಹೋಗಿ ನಿನ್ನ ನೆನಪಿನ ಮ್ಯಾಲ ಇಟ್ಟೆಲ್ಲ."

ಅದು ಸಣ್ಣ ಮಕ್ಕಳ ಪರೀಕ್ಷೆ ಎಂದೂ ಅವಳು ಬಿಡಿಸಿ ಹೇಳಿದಳು. ಜಕ್ಕಪ್ಪ ಮುಗುಳ್ನಕ್ಕ. ಎದುರಿನ ಮೇಳದವರು ಮೊದಲು ಸಣ್ಣವರನ್ನೇ ಮುಂದೆ ಬಿಡುತ್ತಾರೆ, ಅದು ನಮ್ಮನ್ನು ಮೈಮರೆಸುವ ಹಳೆಯ ಉಪಾಯ ಎಂದು ಮಗಳಿಗೇ ತಿಳಿಹೇಳಿದ. ಇನ್ನು ಈ ಮನುಷ್ಯನಿಗೆ ತಿಳಿಸುವುದು ಆಗದ ಕೆಲಸವೆಂದು ಕಂಡುಕೊಂಡ ಪೂನಮ್, ಸ್ಟೀಫನ್‌ನನ್ನು ಫಾದರ್ ಸಿಲ್ವೆಸ್ಟರ್ ಬಳಿಗೆ ಕಳಿಸಿದಳು. ಫಾದರ್ ಕರಾವಳಿಯ ಕಡೆಯವರು, ಶಾಂತ ಸ್ವಭಾವದವರು. ಒಬ್ಬ ಹಿರಿಯರು ತಾವಾಗಿ ಧರ್ಮೋಪದೇಶ ಕಲಿತು ಬರುತ್ತಾರೆಂದರೆ ನನಗೇನು ಅಡ್ಡಿ, ಮಕ್ಕಳ ಜೊತೆ ಅವರನ್ನೂ ಕೇಳೋಣ ಎಂದರು. ಡೊಳ್ಳಿನ ವಿಷಯವನ್ನು ಅವರಿಗೆ ಯಾರೂ ಹೇಳಲಿಲ್ಲ. ಪರಸಪ್ಪನಿಗೆ ತಿಳಿದರೆ ಮತ್ತೆ ನಕ್ಕಾನೆಂದು ಅವನಿಗೂ ಹೇಳಲಿಲ್ಲ.

ಜಕ್ಕಪ್ಪನ ಅಭ್ಯಾಸ ಶುರುವಾಯಿತು. ಕುರಿ ಹಟ್ಟಿಯ ಕೆಲಸ ಪೂರ್ತಿ ಸಾತವ್ವನ ತಲೆಗೆ ಬಂತು. ಬೆಳಿಗ್ಗೆ ಮರಿ ಬಿಡುವುದು, ಹಗಲೆಲ್ಲ ಕಬ್ಬು ಕಡಿದ ಹೊಲಗಳಲ್ಲಿ ಕುರಿ ಮೇಯಿಸುವುದು, ಸಂಜೆ ತಿರುಗಿ ಹಟ್ಟಿಗೆ ಕೂಡುವುದು ಎಲ್ಲ ಅವಳೇ. ಜಕ್ಕಪ್ಪ ಬೇವಿನ ಮರದ ಕೆಳಗೆ ಪುಸ್ತಕ ಹಿಡಿದು ಕೂತ. ಒಂದು ವಾರ ಕಳೆಯಿತು. ಮೊದಲ ಪುಟ ದಾಟಲಿಲ್ಲ. ಪೂನಮ್ ಫೋನಿನಲ್ಲಿ ಪ್ರಶ್ನೆ ಕೇಳಿದರೆ, ಯೇಸುಸ್ವಾಮಿಯನ್ನು ತೊಟ್ಟಿಲಲ್ಲಿ ತೂಗಿದವಳು ಅಕ್ಕ ಮಾಯವ್ವ ಎಂದು ಬೀರಪ್ಪನ ಕಥೆಯ ಜವಾಬು ಬಂತು. ಸಂಸ್ಕಾರಗಳು ಎಷ್ಟು ಎಂದರೆ, ನಿನ್ನೆ ಎಷ್ಟಿದ್ದವು ಎಂದು ತಿರುಗಿ ಕೇಳಿದ. ಪೂನಮ್ ಆ ರಾತ್ರಿ ಊಟ ಬಿಟ್ಟಳು.

ಆಗ ದಾರಿ ತೋರಿಸಿದವಳು ಸಾತವ್ವ. ಮೂಲೆಯಲ್ಲಿದ್ದ ಡೊಳ್ಳು ತಂದು ಗಂಡನ ಮುಂದಿಟ್ಟಳು. ಪೂನಮ್ ಇಡೀ ಪುಸ್ತಕವನ್ನು ತನ್ನ ದನಿಯಲ್ಲಿ ಓದಿ ಮೊಬೈಲಿಗೆ ಕಳಿಸಿದಳು. ಜಕ್ಕಪ್ಪ ಮೊಬೈಲನ್ನು ತಲೆಯ ರುಮಾಲಿನೊಳಗೆ ಕಿವಿಗೆ ಸಿಕ್ಕಿಸಿಕೊಂಡು ಹೆಗಲಿಗೆ ಡೊಳ್ಳು ಏರಿಸಿದ. ಸಂಜೆಯ ಹೊತ್ತಿಗೆ ಮೊದಲ ಅಧ್ಯಾಯ ಪೂರ್ತಿ ತೋಳಿಗೆ ಇಳಿದಿತ್ತು.

ಅಲ್ಲಿಂದ ಮುಂದೆ ಊರಿಗೆ ನಿದ್ದೆ ಇಲ್ಲದಾಯಿತು. ನಸುಕಿನಲ್ಲೇ ಜಕ್ಕಪ್ಪ ಹಟ್ಟಿಯ ದಿಬ್ಬ ಹತ್ತಿ, ದೇವರು ಎಲ್ಲಿದ್ದಾರೆ, ಎಲ್ಲೆಲ್ಲೂ ಇದ್ದಾರೆ ಎಂದು ಬಾರಿಸುತ್ತಿದ್ದ. ದೇವರು ಎಲ್ಲೆಲ್ಲೂ ಇರುವುದನ್ನು ಊರವರು ಹೇಗೋ ಸಹಿಸಿಕೊಂಡರು. ತೊಂದರೆ ಬಂದದ್ದು ಹತ್ತು ಕಟ್ಟಳೆಗಳ ಪಾಠಕ್ಕೆ ಬಂದಾಗ.

ಜಕ್ಕಪ್ಪನ ಹೊಲದ ಮಗ್ಗುಲಿಗೆ ಮುತ್ತಣ್ಣನ ಹೊಲ. ಹಿಂದಿನ ಬೇಸಿಗೆಯಲ್ಲಿ ಇಬ್ಬರ ನಡುವಿನ ಬಾಂದಗಲ್ಲು ಜಕ್ಕಪ್ಪನ ಕಡೆಗೆ ಸ್ವಲ್ಪ ಸರಿದಿತ್ತು. ಜಕ್ಕಪ್ಪ ಅದನ್ನು ಗಮನಿಸಿರಲಿಲ್ಲ, ಕಲ್ಲು ಮೊದಲು ಎಲ್ಲಿತ್ತೆಂದು ಅವನಿಗೆ ನೆನಪಿದ್ದರೆ ತಾನೆ. ಆದರೆ ಮುತ್ತಣ್ಣನಿಗೆ ಚೆನ್ನಾಗಿ ನೆನಪಿತ್ತು. ಹೀಗಿರುವಾಗ ಬೆಳಗಿನ ಜಾವ ಡೊಳ್ಳಿನ ಜೊತೆ, ಕದಿಯಬೇಡ, ಸುಳ್ಳುಸಾಕ್ಷಿ ಹೇಳಬೇಡ, ಪಕ್ಕದವನ ಸೊತ್ತಿಗೆ ಆಸೆಪಡಬೇಡ ಎಂಬ ಪದ ಜಕ್ಕಪ್ಪನ ಹೊಲದ ದಿಕ್ಕಿನಿಂದ ಕೇಳಿ ಬರತೊಡಗಿತು. ಕೊನೆಯ ಸಾಲು ನಾಲಿಗೆಗೆ ಸರಿಯಾಗಿ ಕೂಡದ್ದರಿಂದ ಜಕ್ಕಪ್ಪ ಅದನ್ನೇ ಮತ್ತೆ ಮತ್ತೆ ಹಾಡುತ್ತಿದ್ದ. ಮುತ್ತಣ್ಣ ಕೆಲವು ದಿನ ಹಲ್ಲು ಕಚ್ಚಿಕೊಂಡು ಕೇಳಿದ. ಆಮೇಲೆ ಠಾಣೆಗೆ ಹೋಗಿ, ನನ್ನ ಮೇಲೆ ಪದ ಕಟ್ಟಿ ಮಾನ ಕಳೆಯುತ್ತಿದ್ದಾನೆ ಎಂದು ಹೇಳಿಬಂದ.

ಹವಾಲ್ದಾರರೊಬ್ಬರು ಬೈಕ್ ಮೇಲೆ ಬಂದರು. ಜಕ್ಕಪ್ಪ ಡೊಳ್ಳು ಇಳಿಸದೆಯೇ ನಮಸ್ಕಾರ ಮಾಡಿದ.

"ಪಕ್ಕದವನ ಸೊತ್ತಿಗೆ ಆಸೆಪಡಬ್ಯಾಡ ಅನ್ನೂ ಮಾತು ಯಾರು ಹೇಳಿಕೊಟ್ರು ನಿನಗ?"

"ದೇವರು ಹೇಳಿದ್ದು ಸಾಹೇಬ್ರ. ಮೋಶೆ ಅನ್ನಾಂವಗ."

"ಈ ಮೋಶೆ ಯಾವೂರಾಂವ?" ಹವಾಲ್ದಾರರು ಪೆನ್ನು ತೆಗೆದರು.

"ಭಾಳ ದೂರದಾಂವ್ರಿ. ಅಂವನೂ ನಮ್ಮಂಗ ಕುರಿ ಕಾಯ್ತಿದ್ದ."

ಕುರಿ ಕಾಯುವವರು ಮೇವಿಗಾಗಿ ಊರೂರು ತಿರುಗುತ್ತಾರೆ, ಸಾಕ್ಷಿಗೆ ಹಿಡಿದು ತರುವುದು ಕಷ್ಟ ಎಂಬುದು ಹವಾಲ್ದಾರರಿಗೆ ಗೊತ್ತಿತ್ತು. ಅವರು ಪೆನ್ನು ಒಳಗಿಟ್ಟರು. ಆದರೂ ಬಂದದ್ದಕ್ಕೆ ಏನಾದರೂ ನೋಡಿ ಹೋಗಬೇಕಲ್ಲ, ನಿಮ್ಮಿಬ್ಬರ ನಡುವೆ ಇರುವ ಸೊತ್ತಾದರೂ ಯಾವುದು, ನಾಳೆ ಬಂದು ಆ ಬದು ಅಳೆಸುತ್ತೇನೆ ಎಂದು ಮುತ್ತಣ್ಣನಿಗೂ ಕೇಳುವಂತೆ ಸಹಜವಾಗಿ ಹೇಳಿ ಹೋದರು. ಮರುದಿನ ಅವರು ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ. ಬೆಳಗಾಗುವಷ್ಟರಲ್ಲಿ ಬಾಂದಗಲ್ಲು ತನ್ನ ಹಳೆಯ ಜಾಗದಲ್ಲಿ ಸುಣ್ಣ ಬಳಿಸಿಕೊಂಡು ನಿಂತಿತ್ತು.

ಇದು ಊರಲ್ಲೆಲ್ಲ ಹಬ್ಬಿತು. ಜಕ್ಕಪ್ಪನ ಹೊಸ ಪದಕ್ಕೆ ಕಲ್ಲು ನಡೆಸುವ ಶಕ್ತಿಯಿದೆ ಎಂದಾಯಿತು. ಬದುವಿನ ತಕರಾರು ಇದ್ದವರೆಲ್ಲ, ನಮ್ಮ ಹೊಲದ ಕಡೆಗೂ ಒಂದು ಸಲ ಬಾರಿಸು ಎಂದು ಎಲೆ ಅಡಿಕೆ ಹಿಡಿದು ಬಂದರು. ಮುಧೋಳ ಕೋರ್ಟಿನಲ್ಲಿ ವ್ಯಾಜ್ಯವಿದ್ದ ಒಬ್ಬ ಮುದುಕ ಬರೀ ಸುಳ್ಳುಸಾಕ್ಷಿಯ ಸಾಲನ್ನು ಎದುರುಪಕ್ಷದವರ ಮನೆಯ ಮುಂದೆ ಹಾಡಿಸಲು ಬಯಸಿದ. ಯಾವುದು ಯಾರ ಕೆಲಸಕ್ಕೆ ಎಂಬ ಗೊಂದಲದಲ್ಲಿ ಜಕ್ಕಪ್ಪ ಒಂದು ಬೆಳಿಗ್ಗೆ, ತಂದೆತಾಯಿಯರನ್ನು ಗೌರವಿಸು ಎಂಬ ಕಟ್ಟಳೆಯನ್ನು ತಪ್ಪಿ ಬೇರೊಂದು ಬಾಗಿಲಿನ ಮುಂದೆ ಬಾರಿಸಿಬಂದ. ಆ ಮನೆಯ ಮಗ ಅಂದೇ ತಾಯಿಯನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ದ.

ಶಿವಪುತ್ರ ಇದನ್ನೆಲ್ಲ ನೋಡಿ ಗಾಬರಿಗೊಂಡ. ಪುಸ್ತಕ ತಲೆಗೆ ಹತ್ತುವುದಿಲ್ಲ ಎಂಬ ಧೈರ್ಯದ ಮೇಲೆ ಅವನು ಆಣೆ ಮಾಡಿದ್ದ. ಈಗ ಬೀರೇಶ್ವರನ ಗುಡಿಯ ಹಿರಿಯರ ಬಳಿ ಹೋಗಿ, ಮಾಂವ ಆ ಕಡೆ ವಾಲಿದ್ದಾನೆ, ಕುಲದ ಡೊಳ್ಳಿನ ಮೇಲೆ ಬೇರೆ ದೇವರ ಪದ ಬಾರಿಸುತ್ತಿದ್ದಾನೆ ಎಂದು ದೂರು ಕೊಟ್ಟ. ಹಿರಿಯರು ಗುಡಿಯ ಕಟ್ಟೆಯ ಮೇಲೆ ಕೂತು ಜಕ್ಕಪ್ಪನನ್ನು ಕರೆಸಿದರು. ಮುಖಗಳು ಗಂಭೀರವಾಗಿದ್ದವು. ವಾಲುವುದು ಏನೂ ಇಲ್ಲ, ಎದುರಿನ ಮೇಳದ ಪದ ತಿಳಿಯದೆ ಅವರನ್ನು ಗೆಲ್ಲುವುದು ಹೇಗೆ ಎಂದ ಜಕ್ಕಪ್ಪ. ಹಾಗಾದರೆ ಒಂದು ತುಣುಕು ಕೇಳಿಸು ಎಂದರು. ಅವನಿಗೆ ತೋಳಿಗೆ ಬಂದದ್ದು ಯೇಸುಸ್ವಾಮಿ ಹುಟ್ಟಿದ ಭಾಗ. ಕೂಸು ಹುಟ್ಟಿತು, ಆ ಸುದ್ದಿಯನ್ನು ದೇವದೂತರು ಮೊದಲು ಯಾರಿಗೆ ತಿಳಿಸಿದರು, ಹೊಲದಲ್ಲಿ ಕುರಿ ಕಾಯುತ್ತಿದ್ದವರಿಗೆ ತಿಳಿಸಿದರು.

ಎಲ್ಲರಿಗಿಂತ ಹಿರಿಯನಾದ ಪೂಜಾರಿ ಮುಂದಕ್ಕೆ ಬಾಗಿದ.

"ಮೊದಲ ನಮ್ಮ ಮಂದಿಗೆ ಹೇಳಿದ್ರೇನು? ರಾಜಗ ಹೇಳಲಿಲ್ಲ?"

"ರಾಜಗ ಹೇಳಲಿಲ್ರಿ. ಕುರಿಗಾರರಿಗೆ ಹೇಳಿದ್ರು. ಅವರ ಹೋಗಿ ಮೊದಲ ಕೂಸಿನ ಮಾರಿ ನೋಡಿದ್ರು."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ರುಮಾಲು ಸರಿಮಾಡಿಕೊಂಡರು. ಇಷ್ಟು ದೊಡ್ಡ ಮರ್ಯಾದೆಯನ್ನು ಇಷ್ಟು ವರ್ಷ ತಮಗೆ ಯಾರೂ ತಿಳಿಸಿರಲಿಲ್ಲವೆಂಬ ಬೇಸರವೂ ಅವರಿಗಾಯಿತು. ಆಗ ಪೂಜಾರಿ, ಎಲ್ಲರೂ ಕೂಸು ನೋಡಲು ಹೋದರೆ ಹಟ್ಟಿ ಕಾದವರು ಯಾರು ಎಂದು ಕೇಳಿದ. ಆಡು ಕುರಿ ಇಟ್ಟವನಿಗೆ ಮೊದಲು ಹೊಳೆಯಬೇಕಾದ ಪ್ರಶ್ನೆಯೇ ಅದು. ಜಕ್ಕಪ್ಪ ಮೊಬೈಲಿನಲ್ಲಿ ಇಡೀ ಪುಸ್ತಕ ಮತ್ತೊಮ್ಮೆ ಕೇಳಿದ. ಎಲ್ಲೂ ಇರಲಿಲ್ಲ. ಕೊನೆಯಲ್ಲಿ ತಿರುಗಿ ಹಾಕಲು ಅವನಿಗೆ ಸವಾಲು ಸಿಕ್ಕಿತ್ತು. ಇಡೀ ಮೇಳ ರಬಕವಿಗೆ ಹೋಗತಕ್ಕದ್ದು, ಜೊತೆಗೆ ನಾವೂ ಬರುತ್ತೇವೆ ಎಂದು ಹಿರಿಯರು ಅಪ್ಪಣೆ ಕೊಟ್ಟರು. ದೂರು ಕೊಟ್ಟ ಶಿವಪುತ್ರನೇ ಟೆಂಪೋ ಗೊತ್ತುಮಾಡಬೇಕಾಯಿತು.

ಭಾನುವಾರ ರಬಕವಿಯ ಆ ಸಣ್ಣ ಚರ್ಚಿನ ಮುಂದೆ ಟೆಂಪೋ ನಿಂತಾಗ ಪರಸಪ್ಪ ಸ್ವಾಗತಕ್ಕೆ ಬಂದವನು ಒಂದೊಂದಾಗಿ ಇಳಿಯುತ್ತಿದ್ದ ಡೊಳ್ಳುಗಳನ್ನು ನೋಡಿ ಮಾತು ಮರೆತ. ಬೀಗರು ಸಂಭ್ರಮದ ಜನ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಎಲ್ಲರನ್ನೂ ಒಳಗೆ ಕರೆದ. ಮುಂದಿನ ಬೆಂಚಿನಲ್ಲಿ ಬಿಳಿ ಬಟ್ಟೆ ತೊಟ್ಟ ಮಕ್ಕಳು ಕೂತಿದ್ದರು. ಜಕ್ಕಪ್ಪ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ನೆಟ್ಟಗೆ ಹೋಗಿ ಅವರ ಮಗ್ಗುಲಲ್ಲಿ ಕೂತ. ಬೆಂಚು ಎಷ್ಟು ಗಿಡ್ಡದಿತ್ತೆಂದರೆ ಅವನ ಮೊಣಕಾಲು ಎದೆಗೆ ಬಂದವು. ಮಕ್ಕಳು ಸರಿದು ಜಾಗ ಕೊಟ್ಟರು.

ಫಾದರ್ ಸಿಲ್ವೆಸ್ಟರ್ ಮೊದಲ ಪ್ರಶ್ನೆ ಕೇಳಿದರು. ಮಕ್ಕಳ ಕಣ್ಣು ಡೊ‌ಳ್ಳಿನ ಮೇಲಿತ್ತು, ಯಾರೂ ಬಾಯಿಬಿಡಲಿಲ್ಲ. ಜಕ್ಕಪ್ಪ ಎದ್ದು ನಿಂತ. ಒಂದು ಪೆಟ್ಟು ಬಿದ್ದಿತು. ಗೋಡೆಯ ಮೇಲಿನ ಹಲ್ಲಿಗಳು ಹೊರಗೆ ಹೋದವು. ಹಿಂದೆ ನಿಂತ ಮೇಳ ಎತ್ತಿಕೊಂಡಿತು. ದೇವರು ಒಬ್ಬರೇ ಎಂಬ ಜವಾಬು ರಬಕವಿಯ ಚೌಕದವರೆಗೆ ಕೇಳಿಸಿತು. ಅಕ್ಕಪಕ್ಕದ ಮನೆಗಳಲ್ಲಿ ಮಗ್ಗ ನಿಂತವು, ಜನ ಬಾಗಿಲಲ್ಲಿ ಕಿಟಕಿಯಲ್ಲಿ ಕೂಡಿದರು. ಫಾದರ್ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಎರಡನೆಯದು ಕೇಳಿದರು. ಅದಕ್ಕೂ ಬಂತು. ಮೂರನೆಯದಕ್ಕೂ ಬಂತು. ಹತ್ತು ಕಟ್ಟಳೆಗಳು ಒಂದೂ ತಪ್ಪದೆ, ತಮ್ಮ ತಮ್ಮ ಗತ್ತಿನಲ್ಲಿ, ಸಾಲಾಗಿ ಬಂದವು. ಪರಸಪ್ಪ ತನ್ನ ಮೂರು ವರ್ಷಗಳನ್ನು ನೆನೆದು ಬಾಯಿ ತೆರೆದುಕೊಂಡು ನಿಂತಿದ್ದ. ಹಿಂದಿನ ಸಾಲಿನಲ್ಲಿ ಶಿವಪುತ್ರನ ಮುಖ ಬಾಡುತ್ತ ಹೋಯಿತು.

ಅಷ್ಟರಲ್ಲಿ ಪ್ರಾರ್ಥನೆಯ ಪಾಠ ಬಂತು. ಇದು ಮೌನದ ಭಾಗ, ದಯವಿಟ್ಟು ಡೊಳ್ಳನ್ನು ಸ್ವಲ್ಪ ಕೆಳಗಿಡಬಹುದೇ ಎಂದು ಫಾದರ್ ಸೌಜನ್ಯದಿಂದ ಕೇಳಿಕೊಂಡರು. ದೊಡ್ಡವರು ಕೇಳಿದರೆಂದು ಜಕ್ಕಪ್ಪ ಡೊಳ್ಳು ಇಳಿಸಿದ. ಅದರ ಜೊತೆಗೆ ನೆನಪೂ ಇಳಿಯಿತು.

"ಪ್ರಾರ್ಥನೆ ಎಂದರೇನು?" ಎಂದರು ಫಾದರ್.

ಜಕ್ಕಪ್ಪ ತೋಳು ತಡವಿ ನೋಡಿದ. ಏನೂ ಇರಲಿಲ್ಲ. ತಾನು ಎಲ್ಲಿದ್ದೇನೆ, ಈ ಬಿಳಿ ಬಟ್ಟೆಯ ಮಕ್ಕಳು ಯಾರವರು ಎಂಬುದೂ ಒಂದು ಗಳಿಗೆ ಮರೆತಂತಾಯಿತು. ಫಾದರ್ ಮತ್ತೊಮ್ಮೆ ಕೇಳಿದರು. ಶಿವಪುತ್ರ ಮೆಲ್ಲಗೆ ಎದ್ದು ನಿಂತು ಅಂಗಿ ಜಗ್ಗಿ ನೆಟ್ಟಗೆ ಮಾಡಿಕೊಂಡ. ಸ್ಟೀಫನ್ ತಲೆ ತಗ್ಗಿಸಿದ. ಹೆಂಗಸರ ಕಡೆ ಕೂತಿದ್ದ ಪೂನಮ್‌ಗೆ ತನ್ನ ಇಡೀ ಬಾಳು ಅಪ್ಪನ ಖಾಲಿ ಕೈಗಳಲ್ಲಿ ಜೋತಾಡುತ್ತಿರುವುದು ಕಂಡಿತು. ಎಷ್ಟೋ ಸಂಜೆ ಫೋನಿನಲ್ಲಿ ಕೇಳಿ ಕೇಳಿ ಆ ಗತ್ತು ಅವಳ ಕೈಗೂ ಬಂದಿತ್ತು. ಅವಳು ಬೆಂಚಿನ ಮೇಲೆ ಬೆರಳಗಂಟಿನಿಂದ ಬಾರಿಸಿದಳು. ಸಣ್ಣ ಸದ್ದು. ಮುಂದೆ ಕೂತ ಮಕ್ಕಳು ತಿರುಗಿ ನೋಡಿದರು. ಇದು ತಮಗೂ ಬರುವ ಕೆಲಸವೆಂದು ಅವರಿಗೆ ತಿಳಿಯಿತು. ಒಂದು ಕೈ ಬೆಂಚು ಬಡಿಯಿತು, ಆಮೇಲೆ ಬೆಂಚಿನ ಉದ್ದಕ್ಕೂ ಎಲ್ಲ ಕೈಗಳು ಬಡಿದವು.

"ಕೂಸು ತಾಯಿ ಕೂಡ ಮಾತಾಡಿದಂಗ ದೇವರ ಕೂಡ ಮಾತಾಡೂದು," ಎಂದ ಜಕ್ಕಪ್ಪ. "ಅದ ಪ್ರಾರ್ಥನೆ."

ಮುಂದೆ ಪುಸ್ತಕ ಮುಗಿಯುವವರೆಗೆ ಬೆಂಚು ನಿಲ್ಲಲಿಲ್ಲ. ಮಕ್ಕಳೂ ಅವನ ಜೊತೆಗೂಡಿ ಜವಾಬು ಹೇಳತೊಡಗಿದರು. ವರ್ಷವಿಡೀ ಪರಸಪ್ಪ ತಲೆಗೆ ತುಂಬಿದ್ದೆಲ್ಲ ಅವರ ಬಾಯಿಂದ ಒಮ್ಮೆಲೇ ಹೊರಗೆ ಬಂತು. ಫಾದರ್ ಪುಸ್ತಕ ಮುಚ್ಚಿ, ತುಂಬು ಮನಸ್ಸಿನಿಂದ ಅಭಿನಂದನೆ ಹೇಳಿ, ಇನ್ನು ಮನೆಗೆ ಹೋಗಬಹುದು ಎಂಬಂತೆ ಕೈ ಮುಗಿದರು.

ಜವಾಬು ಕೊಟ್ಟು ಸವಾಲು ಹಾಕದೆ ಮನೆಗೆ ಹೋಗುವ ಹಾಡುಗಾರ ಜಕ್ಕಪ್ಪ ಆಗಿರಲಿಲ್ಲ. ಅವನು ಡೊಳ್ಳು ಮತ್ತೆ ಏರಿಸಿದ. ಕುರಿಗಾರರೆಲ್ಲ ಕೂಸು ನೋಡಲು ಹೋದಾಗ ಹಟ್ಟಿ ಕಾದವರು ಯಾರು ಎಂದು ಹಾಡಿ, ಕೊನೆಯ ಪೆಟ್ಟು ಹೊಡೆದು, ಕೈಕಟ್ಟಿ ನಿಂತ.

ಫಾದರ್ ಯೋಚಿಸಿದರು. ಬಹುಶಃ ದೇವದೂತರು ಕಾದಿರಬಹುದು ಎಂದರು. ದೇವದೂತರು ಹಾಡಲು ಬಂದವರು, ಹಾಡುವವರು ಹಟ್ಟಿ ಕಾಯುವುದಿಲ್ಲ ಎಂದು ಮೇಳದವರು ಸ್ವಂತ ಅನುಭವದಿಂದ ಹೇಳಿದರು. ಪರಸಪ್ಪ ನಾಯಿಗಳು ಇದ್ದಿರಬೇಕು ಎಂದ. ಒಡೆಯ ಹೊರಟರೆ ನಾಯಿ ಅವನ ಹಿಂದೆಯೇ ಹೋಗುತ್ತದೆ ಎಂದ ಜಕ್ಕಪ್ಪ. ಕಿಟಕಿಯಲ್ಲಿದ್ದ ನೇಕಾರರೂ ತಲೆಗೊಂದರಂತೆ ಹೇಳಿ ಸೋತರು. ಜಕ್ಕಪ್ಪ ಸೊಂಟದ ಚೀಲಕ್ಕೆ ಕೈ ಹಾಕಿ ಭಂಡಾರ ಹಿಡಿದುಕೊಂಡ.

"ಹೆಂಗಸರು ಕಾದ್ರು," ಎಂಬ ದನಿ ಹಿಂದಿನಿಂದ ಬಂತು.

ಎಲ್ಲರೂ ತಿರುಗಿದರು. ಸಾತವ್ವ ಸೆರಗು ಸರಿಮಾಡಿಕೊಂಡು ಎದ್ದು ನಿಂತಿದ್ದಳು.

"ಮತ್ತ್ಯಾರು ಕಾಯಬೇಕು? ಈ ತಿಂಗಳೊಪ್ಪತ್ತು ನೀವು ದೇವರ ಪುಸ್ತಕ ಹಿಡಕೊಂಡು ಕುಂತ್ರಿ. ನಮ್ಮ ಹಟ್ಟಿ ಯಾರು ಕಾದ್ರು, ಹೇಳ್ರಿ ನೋಡೂಣು."

ಹೆಂಗಸರ ಸಾಲಿನಲ್ಲಿ ಒಂದು ಗುಜುಗುಜು ಹುಟ್ಟಿ ನಗುವಾಯಿತು. ಇವರು ಭಾನುವಾರ ಪಾಠ ಹೇಳುವಾಗ ಮಗ್ಗ ನೋಡಿಕೊಳ್ಳುವವಳು ನಾನೇ ಎಂದು ಪರಸಪ್ಪನ ಹೆಂಡತಿ ಎಲ್ಲರಿಗೂ ಕೇಳುವಂತೆ ಹೇಳಿದಳು. ಇದು ಪುಸ್ತಕದಲ್ಲಿ ಇಲ್ಲ, ಇರಬೇಕಾಗಿತ್ತು ಎಂದರು ಫಾದರ್. ಜಕ್ಕಪ್ಪನ ಕೈ ಚೀಲದಲ್ಲೇ ಉಳಿಯಿತು. ಜವಾಬು ಸರಿಯಾಗಿತ್ತು, ಇದಕ್ಕಿಂತ ಸರಿಯಾದ ಜವಾಬು ಇರುವುದು ಸಾಧ್ಯವಿರಲಿಲ್ಲ.

ಶಿವಪುತ್ರ ಬೆಂಚು ದಾಟಿಕೊಂಡೇ ಮುಂದೆ ಬಂದ. ಕೊನೆಯ ಸವಾಲಿಗೆ ಜವಾಬು ಬಂತು, ಮಾಂವ ಸೋತ, ಭಂಡಾರದ ಆಣೆಯಂತೆ ಸೋಯರಿಕೆ ಮುರಿಯಿತು ಎಂದು ಸಾರಿದ. ಮೇಳದವರು ತಲೆ ತಗ್ಗಿಸಿದರು. ಹಾಡಿಕೆಯ ಕಟ್ಟಳೆ ಅವರಿಗೆ ಗೊತ್ತಿತ್ತು. ಪೂನಮ್ ತಾಯಿಯ ಕೈ ಗಟ್ಟಿಯಾಗಿ ಹಿಡಿದಳು. ಸಾತವ್ವ ತಮ್ಮನನ್ನು ನೋಡಿದಳು.

"ಶಿವೂ, ನಾ ಯಾವ ಕಡಿಯಾಕಿ, ಅಷ್ಟ ಹೇಳು. ಹೆಣ್ಣಿನ ಕಡಿಯಾಕಿ ಆದ್ರ ಸವಾಲೂ ನಮ್ಮದ, ಜವಾಬೂ ನಮ್ಮದ. ಎದುರಿನವರಿಗೆ ಬರಲಿಲ್ಲ, ನಾವು ಗೆದ್ವಿ. ಇಲ್ಲ, ನಾ ಗಂಡಿನ ಕಡಿಯಾಕಿ ಅಂತೀಯೋ, ಹಂಗಾದ್ರ ಸೋಯರಿಕಿ ಈಗಾಗಲೇ ಆಗಿ ಹೋಗೇತಿ. ಯಾವದು ಬೇಕು ನಿನಗ?"

ಶಿವಪುತ್ರ ಬೆರಳು ಮಡಿಸಿ ಲೆಕ್ಕ ಹಾಕಿದ. ಎರಡು ದಾರಿಯಲ್ಲೂ ಸ್ವಲ್ಪ ದೂರ ಹೋಗಿ ನೋಡಿದ, ಎರಡೂ ಮದುವೆಯ ಮನೆಗೇ ಹೋಗುತ್ತಿದ್ದವು. ಹಿರಿಯರ ಜೊತೆ ಕೂತಿದ್ದ ಪೂಜಾರಿ ಅಲ್ಲಿಂದಲೇ, ತೀರ್ಪು ಸರಿಯಿದೆ, ಡೊಳ್ಳು ಹೊರು ಎಂದ. ಶಿವಪುತ್ರ ಒಂದು ಗಳಿಗೆ ಸೊಸೆಯ ಮುಖ ನೋಡಿದ. ಅವಳು ಅಳುತ್ತಿದ್ದಳು, ನಗುತ್ತಲೂ ಇದ್ದಳು. ಚಿಕ್ಕವಳಿದ್ದಾಗ ಅವನ ಲಾರಿಯ ಕ್ಯಾಬಿನ್ನಿನಲ್ಲಿ ಕೂತು ಲೋಕಾಪುರದವರೆಗೆ ಹಾರ್ನ್ ಬಾರಿಸಿದ ಹುಡುಗಿ. ಅವನು ಭಾವನ ಹೆಗಲಿನಿಂದ ಡೊಳ್ಳು ಇಳಿಸಿ ತನ್ನ ಹೆಗಲಿಗೆ ಹಾಕಿಕೊಂಡ. ಹಾಕಿಕೊಂಡ ಮೇಲೆ ಬಾರಿಸದೆ ಇರಲಾಗಲಿಲ್ಲ.

ಜಕ್ಕಪ್ಪ ಭಂಡಾರ ಎರಚಿದ. ಮಗಳ ಮೇಲೆ ಬಿತ್ತು, ಸ್ಟೀಫನ್ ಮೇಲೆ ಬಿತ್ತು, ಫಾದರ್ ಸಿಲ್ವೆಸ್ಟರ್ ಅವರ ಬಿಳಿ ನಿಲುವಂಗಿ ಅರಿಸಿನ ಮಿಂದಿತು. ಫಾದರ್ ಕೊಡವಿಕೊಳ್ಳಲಿಲ್ಲ. ಮುಂದಿನ ವರ್ಷದ ಮಕ್ಕಳಿಗೆ ಪಾಠ ಶುರುವಾಗುವಾಗ ತಾವು ಡೊಳ್ಳಿನೊಡನೆ ಬರಬೇಕು ಎಂದು ಜಕ್ಕಪ್ಪನ ಕೈ ಹಿಡಿದು ಕೇಳಿಕೊಂಡರು. ಮಕ್ಕಳು ಇನ್ನೂ ಬೆಂಚು ಬಡಿಯುತ್ತಲೇ ಇದ್ದರು. ಮದುವೆ ರಿಜಿಸ್ಟ್ರಾರ್ ಕಚೇರಿಯಲ್ಲಿ, ಆಶೀರ್ವಾದ ಇಲ್ಲಿ, ಊಟ ಬೀರೇಶ್ವರನ ಗುಡಿಯಂಗಳದಲ್ಲಿ ಎಂದು ಅಲ್ಲೇ ಮಾತಾಯಿತು. ಪರಸಪ್ಪ ಬೀಗರನ್ನು ತಬ್ಬಿಕೊಂಡು, ನಾನು ಅಂದು ನಗಬಾರದಿತ್ತು ಎಂದ. ಯಾವಾಗ ನಕ್ಕಿರಿ ಎಂದು ಜಕ್ಕಪ್ಪ ನಿಜವಾಗಿಯೂ ಮರೆತು ಕೇಳಿದ.

ಅಂದಿನ ಊಟಕ್ಕೆ ಚರ್ಚಿನ ಅಂಗಳದಲ್ಲೇ ಎಲೆ ಹಾಕಿದರು. ಗೆದ್ದ ಜಕ್ಕಪ್ಪ ನಡುವೆ ಕೂತ. ಮೊದಲ ತುತ್ತು ಬಾಯಿಯ ಹತ್ತಿರ ಬಂದಾಗ ಅವನ ಕೈ ಅಲ್ಲೇ ನಿಂತಿತು. ಮೇಳವೆಲ್ಲ ಇಲ್ಲಿತ್ತು. ಹಿರಿಯರೆಲ್ಲ ಇಲ್ಲಿದ್ದರು. ಬಡಿಸುತ್ತ ಬಂದ ಸಾತವ್ವನೂ ಇಲ್ಲಿದ್ದಳು.

"ಸಾತವ್ವಾ," ಎಂದ ಮೆಲ್ಲಗೆ, "ಇವತ್ತ ನಮ್ಮ ಹಟ್ಟಿ ಯಾರ ಕಾಯಾಕತ್ತಾರ?"

"ಮುತ್ತಣ್ಣಗ ಹೇಳಿ ಬಂದೇನ್ರಿ," ಎಂದಳು ಸಾತವ್ವ, ಅವನ ಎಲೆಗೆ ಇನ್ನೊಂದು ಹೋಳಿಗೆ ಹಾಕುತ್ತ. "ನಿಮ್ಮ ಪದ ಕೇಳಿದ ಮ್ಯಾಲ ಊರಾಗ ಅಂವನಷ್ಟು ನಂಬಿಗಸ್ಥ ಮನಷ್ಯಾ ಯಾರೂ ಇಲ್ಲ. ನೀವು ಉಣ್ರಿ."